ಅಪ್ಪನ ಎಂಜಿ ಮತ್ತೆ ರಸ್ತೆಗೆ ಬಂತು

ಹೋದ ಭಾನುವಾರ ನಮ್ಮ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಎಂಜಿ ಟಿಸಿ, ರಿಪೇರಿ ಮುಗಿಸಿ ಗೇಟು ದಾಟಿತು. ಅದರ ವಿಡಿಯೋ ನೋಡಿ ತುಂಬಾ ಜನ ಫೋನ್ ಮಾಡಿದಿರಿ. ಯಾರ ಜೊತೆಗೂ ಸರಿಯಾಗಿ ಮಾತಾಡೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನ ಕಾಯಿಲೆಯ ಕಥೆ, ಅಡ್ವಾನ್ಸ್ ತಗೊಂಡು ಎಂಜಿನ್ನನ್ನು ಮೂಲೆಗೆ ಹಾಕಿದ ಗ್ಯಾರೇಜಿನ ಕಥೆ ಎರಡೂ ನಿಮಗೆ ಗೊತ್ತು. ಮತ್ತೆ ಬೇಡ.

ಕಾರಿನ ಬಗ್ಗೆ ಕೇಳಿದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಟಿಸಿ ತಯಾರಾಗಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್‌ನಲ್ಲಿ, 1945ರಿಂದ 1949ರವರೆಗೆ. ಒಟ್ಟು ಸುಮಾರು 10,000 ಕಾರು ಅಷ್ಟೇ. 1250 ಸಿಸಿ ಎಂಜಿನ್, ಎರಡು ಕಾರ್ಬುರೇಟರ್, ಇಬ್ಬರಿಗೆ ಜಾಗ. ಡ್ರೈವರ್ ಎದುರಿಗೆ ಇರುವುದು ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮೀಟರ್. ಸ್ಪೀಡೋಮೀಟರ್ ಇರುವುದು ಪಕ್ಕದಲ್ಲಿ ಕೂತವರ ಎದುರಿಗೆ. ಅಪ್ಪ ಎಷ್ಟು ಜೋರಾಗಿ ಹೋಗ್ತಾರೆ ಅಂತ ಅಮ್ಮನಿಗೆ ಚೆನ್ನಾಗಿ ಕಾಣುತ್ತಿತ್ತು, ಆಮೇಲೆ ಅವರು ಹತ್ತುವುದನ್ನೇ ಬಿಟ್ಟರು. ಟಿಸಿಗಳ ಚಾಸಿ ನಂಬರ್ 0251ರಿಂದ ಶುರುವಾಗುತ್ತದೆ, ಯಾಕೆಂದರೆ ಫ್ಯಾಕ್ಟರಿಯ ಫೋನ್ ನಂಬರ್ 251. ಮನೆಗೆ ಬಂದವರಿಗೆಲ್ಲ ಅಪ್ಪ ಕಾಫಿಗೆ ಮೊದಲು ಇದನ್ನು ಹೇಳುತ್ತಿದ್ದರು.

ಆರ್‌ಸಿ ಪುಸ್ತಕದಲ್ಲಿ ನಾಲ್ಕು ಹೆಸರಿವೆ. ಚಿಕ್ಕಮಗಳೂರು ಕಡೆಯ ಎಸ್ಟೇಟಿನ ಬಿಳಿಯ ಮ್ಯಾನೇಜರ್, ಮೈಸೂರಿನ ಒಬ್ಬ ಡಾಕ್ಟರ್, ಅವರ ಅಳಿಯ, ಆಮೇಲೆ 1974ರಲ್ಲಿ ಅಪ್ಪ. ಇನ್ನೊಂದು ಹೆಸರು, ಇದರ ಮರಗೆಲಸ ಮಾಡಿದವರದ್ದು, ಅಲ್ಲಿರಬೇಕು ಅಂತ ನನಗನ್ನಿಸುತ್ತದೆ. ಆ ಹೆಸರಿನವರು ಮಾತ್ರ "ನನ್ ಹೆಸ್ರು ಹಾಕ್ಬೇಡಿ, ಸುಮ್ನೆ ಫೋನ್ ಜಾಸ್ತಿ ಬರ್ತವೆ" ಅಂದಿದ್ದಾರೆ. ಹಾಗಾಗಿ ಆಚಾರ್ರು ಅಂತಲೇ ಬರೆಯುತ್ತೇನೆ.

ಟಿಸಿಯ ಮೈ ನಿಂತಿರುವುದು ಮರದ ಮೇಲೆ. ಆಶ್ ಮರದ ಚೌಕಟ್ಟು, ಅದರ ಮೇಲೆ ತಗಡು. ನಮ್ಮದರಲ್ಲಿ ಅರ್ಧ ಮರವನ್ನು ಗೆದ್ದಲು ತಿಂದಿತ್ತು. ಬಾಗಿಲಿನ ಕೀಲು ಹಿಂದಿನ ಕಂಬಕ್ಕೆ ಇರುವುದರಿಂದ ಬಾಗಿಲಿನ ಭಾರವೆಲ್ಲ ಆ ಕಂಬದ್ದೇ. ಬೆರಳಲ್ಲಿ ಒತ್ತಿದರೆ ಕಂಬ ಪುಡಿಯಾಗುತ್ತಿತ್ತು. ಆಚಾರ್ರು ಜೀವನವಿಡೀ ಮಾಡಿದ್ದು ಮನೆ ಬಾಗಿಲು, ಕಿಟಕಿ, ದೇವರ ಮಂಟಪ. ಕಾರಿನ ಮರಗೆಲಸ ಅಂದಾಗ ನಕ್ಕರು. ಆಮೇಲೆ ಹಳೇ ತುಂಡುಗಳನ್ನು ಒಂದೊಂದಾಗಿ ಪೇಪರಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೀಚಿಕೊಂಡರು. ಆಶ್ ಇಲ್ಲಿ ಸಿಗಲ್ಲ, ತೇಗ ಹಾಕೋಣ ಅಂತಾಯಿತು. ತೇಗದಲ್ಲಿ ಎಣ್ಣೆ ಇರುವುದರಿಂದ ಅಂಟು ಸರಿಯಾಗಿ ಹಿಡಿಯಲ್ಲ. ಹಾಗಾಗಿ ತುಂಡುಗಳು ಸೇರುವ ಪ್ರತಿ ಕಚ್ಚನ್ನೂ ತಿನ್ನರಿನಲ್ಲಿ ಒರೆಸಿ, ಒಣಗಿದ ಮೇಲೇ ಅಂಟು ಹಚ್ಚುತ್ತಿದ್ದರು. ಆತುರ ಮಾಡಿದರೆ ಉಳಿ ಕೆಳಗಿಟ್ಟು ಬೀಡಿ ಹಚ್ಚಿಬಿಡುತ್ತಿದ್ದರು.

ಬೆಂಗಳೂರಿನ 2022ರ ಸೆಪ್ಟೆಂಬರ್ ಮಳೆ ನೆನಪಿದೆಯಲ್ವಾ? ಐಟಿ ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ ವಾರ. ನಮ್ಮ ಶೆಡ್ಡು ಸರ್ಜಾಪುರ ರಸ್ತೆಯ ತಗ್ಗಿನಲ್ಲಿತ್ತು. ಹೊಸ ಚೌಕಟ್ಟು ನೆಲದ ಮೇಲೇ ಇತ್ತು, ಇನ್ನೂ ಚಾಸಿಗೆ ಕೂರಿಸಿರಲಿಲ್ಲ. ಅಪ್ಪ ಹೋಗಿ ತಿಂಗಳೂ ತುಂಬಿರಲಿಲ್ಲ. ರಾತ್ರಿ ನೀರು ಮೊಣಕಾಲಿಗೆ ಬಂದಾಗ ನನಗೆ ಫೋನ್ ಮಾಡಲು ಹೊಳೆದ ನಂಬರ್ ಆಚಾರ್ರದ್ದು. ಗಾಡಿಯನ್ನು ಎಲ್ಲೋ ಬಿಟ್ಟು, ಲುಂಗಿ ಎತ್ತಿ ಕಟ್ಟಿಕೊಂಡು, ನೀರಲ್ಲೇ ನಡೆದು ಬಂದರು.

ಕರೆಂಟ್ ಇರಲಿಲ್ಲ. ಫೋನ್ ಟಾರ್ಚಿನ ಬೆಳಕಲ್ಲಿ ಅಪ್ಪ ಕೈಯಾರೆ ಚೀಟಿ ಅಂಟಿಸಿದ್ದ ಬಿಡಿಭಾಗಗಳ ಡಬ್ಬಗಳು ತೇಲುತ್ತಿದ್ದವು. "ವೈಪರ್ – ಎಡ" ಅಂತ ಅಪ್ಪನ ಅಕ್ಷರ ನೀರಲ್ಲಿ ಕರಗುವುದನ್ನು ನೋಡಿ ನಾನು ಅಲ್ಲೇ ಕೂತುಬಿಟ್ಟೆ. ನೀರಲ್ಲೇ ಕೂತೆ. ಅಲ್ಲಿಯವರೆಗೆ ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ, ಮನೆಯಲ್ಲೂ ಅತ್ತಿರಲಿಲ್ಲ. "ಬಿಟ್ಬಿಡಿ ಆಚಾರ್ರೇ, ಹೋಗ್ಲಿ ಈ ಕಾರು" ಅಂದೆ.

"ಕಾರು ಬೇಕಾದ್ರೆ ಹೋಗ್ಲಿ ಕಣಮ್ಮ. ನನ್ ಕೆಲ್ಸ ಹೋಗ್ಬಾರ್ದು. ಏಳಿ, ಆ ತುದಿ ಹಿಡೀರಿ" ಅಂದರು.

ಹಿಡಿದೆ. ನಾಲ್ಕು ಡ್ರಮ್ ಬೋರಲು ಹಾಕಿ ಅದರ ಮೇಲೆ ಚೌಕಟ್ಟು ಇಟ್ಟೆವು. ನೆನೆದ ಮರ ಒಣಗುವಾಗ ತಿರುಚಿಕೊಳ್ಳದಿರಲಿ ಅಂತ ಮೂಲೆಯಿಂದ ಮೂಲೆಗೆ ರೀಪರ್ ಪಟ್ಟಿ ಹೊಡೆದರು, ದಾರ ಹಿಡಿದು ಎರಡೂ ಕಡೆ ಅಳೆದರು. ಬೆಳಕು ಹರಿಯುವವರೆಗೆ ಪಕ್ಕದ ಮೆಟ್ಟಿಲ ಮೇಲೆ ಕೂತು ಮಗಳ ಮದುವೆ ಸಾಲದ ಕಥೆ ಹೇಳಿದರು. ನನ್ನನ್ನು ಸಮಾಧಾನ ಮಾಡಲು ಒಂದು ಮಾತೂ ಆಡಲಿಲ್ಲ. ಅದು ಎಷ್ಟು ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತಿದೆ. ಚೌಕಟ್ಟನ್ನು ಬಿಸಿಲಿಗೆ ಹಾಕಲು ಬಿಡಲಿಲ್ಲ, ಸೀಳು ಬಿಡುತ್ತೆ ಅಂತ. ನೆರಳಲ್ಲೇ ನಿಧಾನಕ್ಕೆ ಒಣಗಿತು. ಇವತ್ತು ಆ ಬಾಗಿಲು ಒಂದೇ ಬೆರಳಿಗೆ ಟಕ್ ಅಂತ ಮುಚ್ಚುತ್ತದೆ.

ಉಳಿದವರೂ ಕಡಿಮೆ ಮಾಡಿಲ್ಲ. ಈ ಎಂಜಿನ್ನಿನ ಬೋಲ್ಟುಗಳಿಗೆ ಥ್ರೆಡ್ಡು ಮೆಟ್ರಿಕ್, ತಲೆ ಬ್ರಿಟಿಷ್ ವಿಟ್ವರ್ತ್ ಅಳತೆ. ಎಂಜಿನ್ ಮಾಡಿದ ಕವೆಂಟ್ರಿಯ ಕಾರ್ಖಾನೆ ಮೊದಲು ಫ್ರೆಂಚ್ ಕಂಪನಿಯದ್ದಾಗಿತ್ತು, ಅದರ ಪಳೆಯುಳಿಕೆ ಇದು. ಬಿಡಿಭಾಗದ ಅಂಗಡಿಗಳಿರುವ ಜೆಸಿ ರಸ್ತೆಯಲ್ಲೂ ಸಿಗದ ಆ ಬೋಲ್ಟುಗಳನ್ನು ಲೇತಿನಲ್ಲಿ ತಿರುಗಿಸಿಕೊಟ್ಟ ಪೀಣ್ಯದ ಅಣ್ಣನಿಗೆ, ಸೀಟು ಹೊಲಿದ ಶಿವಾಜಿನಗರದ ಚಾಚಾಗೆ, ಲಂಡನ್ನಿಂದ ಬ್ಯಾಗಿನಲ್ಲಿ ಕಾರಿನ ಫ್ಯುಯೆಲ್ ಪಂಪ್ ತಂದ ಅತ್ತಿಗೆಗೆ, ಇಷ್ಟು ದಿನ ಕಾರ್ ಪಾರ್ಕಿಂಗ್ ಜಾಗ ಬಿಟ್ಟುಕೊಟ್ಟ ಪಕ್ಕದ ಮನೆಯವರಿಗೆ ಥ್ಯಾಂಕ್ಸ್. ಅಮ್ಮನಿಗೆ ಬೇರೆಯಾಗಿ ಹೇಳಬೇಕು: ಮೊನ್ನೆ ಹತ್ತಿದರು, ಸ್ಪೀಡೋಮೀಟರ್ ಮೇಲೆ ಕರ್ಚೀಫು ಹಾಕಿ ಕೂತರು.

ಸ್ಟೀರಿಂಗ್ ಇನ್ನೂ ಆಡುತ್ತದೆ. ಎಲ್ಲಾ ಟಿಸಿಗಳೂ ಹೀಗೇ ಅಂತೆ, ನಾನು ನಂಬಿಲ್ಲ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದಿಂದ ಎಂವೈ ಅಂತ ಶುರುವಾಗುವ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಾಯಿಸಿದರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್ಯಾಲಿಗಳಿಗೆ ಒಯ್ಯಬಹುದು, ಪೆಟ್ರೋಲ್ ಹಾಕಿಸಲು ಹೋಗಬಹುದು. ಒಂದು ರೌಂಡ್ ಬರಬೇಕು ಅಂತ ಆಸೆ ಇರುವವರು ಭಾನುವಾರ ಬೆಳಗ್ಗೆ ಬನ್ನಿ, ಪೆಟ್ರೋಲ್ ಹಾಕಿಸಲು ಹೋಗೋಣ. ಒಬ್ಬೊಬ್ಬರಾಗಿ. ಮೊದಲ ಸರದಿ ಆಚಾರ್ರದ್ದು, ಆಗಲೇ ಬುಕ್ ಆಗಿದೆ.