ಬೋಟಿನಲ್ಲಿ ಎರಡನೇ ಆಳು ಇದ್ದಾನಾ, ಮೊದಲು ಕೇಳಿ

ಸಂಪಾದಕರಿಗೆ ನಮಸ್ಕಾರ,

ತುಂಗಭದ್ರಾ ಹಿನ್ನೀರಿನಲ್ಲಿ ಗೋವಾ ಥರ ವಾಟರ್ ಸ್ಕೀಯಿಂಗ್ ಶುರು ಮಾಡಬೇಕು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದನ್ನು ಓದಿದೆ. ಓಡುವ ಬೋಟಿಗೆ ಕಟ್ಟಿದ ಹಗ್ಗ ಹಿಡಿದು, ಕಾಲಿಗೆ ಸ್ಕೀ ಅನ್ನುವ ಹಲಗೆ ತೊಟ್ಟು, ನೀರ ಮೇಲೆ ಜಾರಿಕೊಂಡು ಹೋಗುವ ಆಟ ಅದು. ಬರಲಿ, ನನ್ನ ತಕರಾರಿಲ್ಲ. ನಮ್ಮ ಹುಡುಗರಿಗೆ ಊರಲ್ಲೇ ನಾಲ್ಕು ಕಾಸು ಸಿಕ್ಕರೆ ಬೇಡ ಅನ್ನುವವರು ಯಾರು? ಆದರೆ ಆ ಪತ್ರದ ತುಂಬಾ ಎಂಜಿನ್ನಿನದೇ ಮಾತು. ಎಷ್ಟು ಹಾರ್ಸ್ ಪವರ್, ಎಷ್ಟು ಸ್ಪೀಡ್, ಎಷ್ಟು ಲಕ್ಷ. ಹಗ್ಗದ ಆ ತುದಿಯಲ್ಲಿ ಇರುವ ಮನುಷ್ಯನ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾನು ಗಂಗಾವತಿಯವನು. ನಮ್ಮ ಕಡೆಯ ಬಹಳ ಜನರ ಹಾಗೆ ಹರೆಯದಲ್ಲಿ ದುಡಿಯಲು ಗೋವಾಕ್ಕೆ ಹೋದೆ. ಮೊದಲು ಗಾರೆ ಕೆಲಸ, ಆಮೇಲೆ ಬೀಚಿನಲ್ಲಿ ಬೋಟಿನ ಕೆಲಸ. ಹಗ್ಗ ಸುತ್ತುವುದು, ಬಂದವರಿಗೆ ಜಾಕೆಟ್ ತೊಡಿಸುವುದು, ಬೋಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು ಸ್ಕೀ ಮಾಡುವವರ ಮೇಲೆ ಕಣ್ಣಿಡುವುದು. ಈಗ ಊರಲ್ಲೇ ಸೀಟ್ ಕವರ್, ಟಾರ್ಪಾಲ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಹರಿಗೋಲು ನಡೆಸುವವರು ಹರಿದ ಲೈಫ್ ಜಾಕೆಟ್ ತಂದು ನನ್ನ ಮುಂದೆ ಹಾಕುತ್ತಾರೆ. ಹಾಗಾಗಿ ಜಾಕೆಟ್ಟಿನ ಹೊರಗೂ ಗೊತ್ತು, ಒಳಗೂ ಗೊತ್ತು.

ಒಳಗಿನಿಂದಲೇ ಶುರು ಮಾಡುತ್ತೇನೆ. ತರುವವರೆಲ್ಲ ಮೇಲಿನ ಬಟ್ಟೆ ಹರಿದಿದೆ ಅಂತ ತರುತ್ತಾರೆ. ನೋಡಬೇಕಾದದ್ದು ಬಟ್ಟೆಯನ್ನಲ್ಲ, ಫೋಮನ್ನು. ಜಾಕೆಟ್ ಮೇಲೆ ಕೂರುತ್ತಾರೆ, ತಲೆದಿಂಬು ಮಾಡಿಕೊಳ್ಳುತ್ತಾರೆ, ರಾಶಿ ಹಾಕಿ ಅದರ ಮೇಲೆ ಇನ್ನೇನೋ ಹೇರುತ್ತಾರೆ. ಒತ್ತಿ ಒತ್ತಿ ಫೋಮ್ ತೆಳ್ಳಗಾಗುತ್ತದೆ, ಅದರೊಳಗಿನ ಗಾಳಿ ಹೋಗುತ್ತದೆ. ತೇಲಿಸುವುದು ಆ ಗಾಳಿ ತಾನೇ? ಹೆಬ್ಬೆರಳಿನಿಂದ ಜೋರಾಗಿ ಒತ್ತಿ ಬಿಡಿ. ಎದ್ದು ಬಂದರೆ ಸರಿ. ತಗ್ಗು ಹಾಗೇ ಉಳಿದರೆ ಆ ಜಾಕೆಟ್ ಮುಗಿದ ಹಾಗೆ.

ನೀರಿನಲ್ಲಿ ದೊಡ್ಡವರೊಬ್ಬರ ತಲೆ ಮೇಲಿರಲು ಹೆಚ್ಚುಕಮ್ಮಿ 3ರಿಂದ 5 ಕೆ.ಜಿ.ಯಷ್ಟು ಎತ್ತುವ ಬಲ ಬೇಕು. ನನ್ನ ಅಂಗಡಿಯ ಪರೀಕ್ಷೆ ಹೀಗಿದೆ. 5 ಕೆ.ಜಿ.ಯ ಕಬ್ಬಿಣದ ತೂಕದ ಕಲ್ಲನ್ನು ಜಾಕೆಟ್ಟಿಗೆ ಕಟ್ಟಿ ನೀರಿನ ತೊಟ್ಟಿಗೆ ಬಿಡುತ್ತೇನೆ. ನೀರೊಳಗೆ ಕಬ್ಬಿಣ ಸ್ವಲ್ಪ ಹಗುರ ಆಗುತ್ತದೆ, ಸುಮಾರು 4.4 ಕೆ.ಜಿ. ಅಷ್ಟನ್ನೂ ಎತ್ತದೆ ಮುಳುಗುವ ಜಾಕೆಟ್ ದೊಡ್ಡವರಿಗೆ ಬೇಡವೇ ಬೇಡ. ತಕ್ಷಣ ತೇಲಿದರೆ ಸಾಲದು, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಬೇಕು. ಇದು ಸರ್ಕಾರದ ಪರೀಕ್ಷೆ ಅಲ್ಲ, ನನ್ನದು. ಆದರೂ ಎಷ್ಟೋ ಜಾಕೆಟ್ ಇದರಲ್ಲೇ ಫೇಲಾಗುತ್ತವೆ.

ಆಮೇಲೆ ದಾರ. ಹತ್ತಿ ದಾರ ಒದ್ದೆಯಲ್ಲಿ ಕೊಳೆಯುತ್ತದೆ. ನೈಲಾನ್ ಗಟ್ಟಿಯೇ, ಆದರೆ ಬಿಸಿಲಿಗೆ ಬೇಗ ಸೋಲುತ್ತದೆ. ಪಾಲಿಯೆಸ್ಟರ್ ಬಿಸಿಲನ್ನು ಹೆಚ್ಚು ತಡೆಯುತ್ತದೆ. ಕಿತ್ತಳೆ ಬಣ್ಣ ಮಾಸಿ ಬಿಳಿಚಿಕೊಂಡ ಜಾಕೆಟ್ ಕಂಡರೆ ಅದರ ಹೊಲಿಗೆಯನ್ನೂ ಬಿಸಿಲು ತಿಂದಿದೆ ಅಂತಲೇ ಲೆಕ್ಕ. ಬೆಲ್ಟ್ ಕಿತ್ತ ಜಾಕೆಟ್ ತಂದು ‘ಒಂದು ಹೊಲಿಗೆ ಹಾಕಿ ಕೊಡಣ್ಣ’ ಅನ್ನುತ್ತಾರೆ. ನಾನು ಹಾಕುವುದಿಲ್ಲ. ಸ್ಕೂಟರ್ ಸೀಟ್ ಬಿಚ್ಚಿದರೆ ಇನ್ನೊಂದು ಸಲ ಹೊಲಿಯಬಹುದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ನೀರಿಗೆ ಬಿದ್ದಾಗ ಬೆಲ್ಟ್ ಬಿಚ್ಚಿದರೆ ಜಾಕೆಟ್ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಇದಕ್ಕೆ ಕೆಲವರು ನನ್ನ ಮೇಲೆ ಸಿಟ್ಟು ಮಾಡಿಕೊಂಡು ಬೇರೆ ಅಂಗಡಿಗೆ ಹೋಗಿದ್ದೂ ಇದೆ.

ತೊಟ್ಟ ಮೇಲೆ ಇನ್ನೊಂದು ಕೆಲಸ. ಹಿಂದೆ ಒಬ್ಬರು ನಿಂತು ಜಾಕೆಟ್ಟಿನ ಹೆಗಲು ಹಿಡಿದು ಮೇಲೆತ್ತಲಿ. ಅದು ಗದ್ದ ದಾಟಿ ಮೂಗಿಗೆ ಬಂದರೆ ಸಡಿಲ ಅಂತ. ಬಿದ್ದಾಗ ನೀರು ಇನ್ನೂ ಜೋರಾಗಿ ಎತ್ತುತ್ತದೆ. ಸ್ಕೀಗೆ ಮೈಗಂಟಿದ, ನಾಲ್ಕು ಬಕಲ್ಲಿನ ಫೋಮ್ ಜಾಕೆಟ್ಟೇ ಆಗಬೇಕು. ಗಾಳಿ ತುಂಬಿಕೊಳ್ಳುವ ತೆಳ್ಳನೆಯ ಜಾಕೆಟ್ ಈ ಆಟಕ್ಕಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿ ಬಿಗಿದು ಕಟ್ಟುವುದು ನಮ್ಮಲ್ಲಿ ಮಾಮೂಲು. ಮಗು ಕೆಳಗಿನಿಂದ ಜಾರಿಬಿಡುತ್ತದೆ. ಹೆಣ್ಣುಮಕ್ಕಳಿಗೆ ಒಂದು ಮಾತು. ದುಪಟ್ಟಾ, ಕೊರಳ ಸರ ತೆಗೆದಿಟ್ಟು ಬನ್ನಿ. ಉಂಗುರ ಗಂಡಸರೂ ತೆಗೆಯಬೇಕು, ಅದು ಹಗ್ಗಕ್ಕೆ ಸಿಕ್ಕಿದರೆ ಬೆರಳೇ ಹೋಗಬಹುದು.

ಹಲಗೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈ ಆಟ ಶುರುವಾದದ್ದೇ 1922ರಲ್ಲಿ, ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಕೆರೆಯಲ್ಲಿ. ರಾಲ್ಫ್ ಸ್ಯಾಮುಯೆಲ್‌ಸನ್ ಎಂಬ 18ರ ಹುಡುಗ ಎರಡು ಮರದ ಹಲಗೆಯ ತುದಿಯನ್ನು ಕುದಿಯುವ ನೀರಿನಲ್ಲಿಟ್ಟು ಬಾಗಿಸಿ ಕಾಲಿಗೆ ಕಟ್ಟಿಕೊಂಡಿದ್ದ. ಕಲಿಯುವವರಿಗೆ ಎರಡು ಅಗಲ ಸ್ಕೀ ಸಾಕು. ಕಾಲು ಕೂರುವ ರಬ್ಬರ್ ಬಿಗಿಯಾಗಿರಬೇಕು, ಆದರೆ ಬಿದ್ದಾಗ ಕಾಲು ಬಿಡಿಸಿಕೊಂಡು ಬರಬೇಕು. ಅಷ್ಟೇ.

ಹಗ್ಗದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಸ್ಕೀ ಹಗ್ಗ ಸಾಮಾನ್ಯವಾಗಿ 75 ಅಡಿ, ಅಂದರೆ 23 ಮೀಟರ್. ಅದು ಪಾಲಿಪ್ರೊಪಿಲೀನಿನದು, ನೀರ ಮೇಲೆ ತೇಲುತ್ತದೆ. ನಮ್ಮ ಸಂತೆಯಲ್ಲಿ ಸಿಗುವ ನೈಲಾನ್ ಹಗ್ಗ ಮುಳುಗುತ್ತದೆ, ಎಂಜಿನ್ನಿನ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಮೇಲಾಗಿ ಅದು ಎಳೆದರೆ ಹಿಗ್ಗುತ್ತದೆ. ಹಿಗ್ಗಿದ ಹಗ್ಗ ತುಂಡಾದರೆ ಬೋಟಿನಲ್ಲಿ ಕೂತವರ ಮುಖಕ್ಕೇ ಬಡಿಯುತ್ತದೆ. ತುಂಡಾದದ್ದಕ್ಕೆ ಗಂಟು ಹಾಕಿ ಓಡಿಸುವವರಿದ್ದಾರೆ. ಗಂಟು ಬಿದ್ದ ಕಡೆ ಹಗ್ಗದ ಬಲ ಅರ್ಧದಷ್ಟು ಹೋಗಬಹುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಂತೂ ಕೂಡದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೋಟ್ ಓಡಿಸುವವನು ಮುಂದೆ ನೋಡಬೇಕು. ಸ್ಕೀ ಮಾಡುವವರು ಇರುವುದು ಹಿಂದೆ. ಒಬ್ಬನೇ ಎರಡೂ ಕಡೆ ನೋಡಲು ಆಗುವುದಿಲ್ಲ. ಅದಕ್ಕೆ ಎರಡನೇ ಆಳು ಬೇಕು, ಕನ್ನಡಿ ಸಾಲದು. ಗೋವಾದಲ್ಲಿ ಒಂದು ಬೋಟಿನವರು ಸೀಸನ್ನಿನಲ್ಲಿ ಕೂಲಿ ಉಳಿಸಲು ಒಬ್ಬನನ್ನೇ ಬಿಟ್ಟಿದ್ದರು. ಹಿಂದೆ ಇದ್ದ ಹುಡುಗ ಬಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಖಾಲಿ ಹ್ಯಾಂಡಲ್ ಎಳೆದುಕೊಂಡು ಬಹಳ ದೂರ ಹೋದ. ಆ ಹುಡುಗ ಇದ್ದ ಕಡೆಗೇ ಇನ್ನೊಂದು ಬೋಟ್ ಬರುತ್ತಿತ್ತು. ನಾವು ಕೂಗಿ, ಬಟ್ಟೆ ಬೀಸಿ ಅದನ್ನು ತಿರುಗಿಸಿದೆವು. ಹುಡುಗ ಉಳಿದ. ಮಾರನೇ ದಿನವೂ ಅದೇ ಬೋಟ್, ಅದೇ ಒಬ್ಬ ಆಳು.

ಎಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಕೈಸನ್ನೆಯೇ ಭಾಷೆ. ಹೆಬ್ಬೆರಳು ಮೇಲೆ ಮಾಡಿದರೆ ಸ್ಪೀಡ್ ಜಾಸ್ತಿ ಮಾಡು, ಕೆಳಗೆ ಮಾಡಿದರೆ ಕಮ್ಮಿ ಮಾಡು. ಕತ್ತಿನ ಅಡ್ಡಕ್ಕೆ ಕೈ ಎಳೆದರೆ ಎಂಜಿನ್ ಆಫ್ ಮಾಡು. ತಲೆ ತಟ್ಟಿಕೊಂಡರೆ ‘ಸಾಕು, ದಡಕ್ಕೆ ಹೋಗೋಣ’ ಅಂತ. ಬಿದ್ದ ಮೇಲೆ ಎರಡೂ ಕೈ ತಲೆ ಮೇಲೆ ಜೋಡಿಸಿದರೆ ನನಗೇನೂ ಆಗಿಲ್ಲ ಅಂತ. ಆ ಸನ್ನೆ ಬರಲಿಲ್ಲವೋ, ತಡ ಮಾಡದೆ ಹೋಗಬೇಕು. ಬಿದ್ದವರು ಒಂದು ಸ್ಕೀಯನ್ನು ನೆಟ್ಟಗೆ ಎತ್ತಿ ಹಿಡಿದರೆ ಬೇರೆ ಬೋಟಿನವರಿಗೆ ಕಾಣುತ್ತದೆ. ನೀರಿಗೆ ಇಳಿಯುವ ಮೊದಲು ಇಷ್ಟನ್ನೂ ದಡದಲ್ಲೇ ಮಾಡಿಸಿ ನೋಡಬೇಕು. ಸನ್ನೆ ಹೇಳಿಕೊಡದೆ ದುಡ್ಡು ಎಣಿಸಿಕೊಳ್ಳುವ ಬೋಟ್ ಹತ್ತಬೇಡಿ.

ಬಿದ್ದವರ ಹತ್ತಿರ ಬೋಟ್ ಹೋಗುವಾಗ ಓಡಿಸುವವನು ಕೂತ ಪಕ್ಕಕ್ಕೇ ಅವರು ಕಾಣುತ್ತಿರಬೇಕು. ರಿವರ್ಸ್ ಹಾಕಿಕೊಂಡು ಹೋಗಲೇಬಾರದು. ಹತ್ತಿಸಿಕೊಳ್ಳುವ ಮೊದಲು ಎಂಜಿನ್ ಪೂರ್ತಿ ಬಂದ್. ನ್ಯೂಟ್ರಲ್ ಅಲ್ಲ, ಬಂದ್. ಎಂಜಿನ್ನಿನ ಕಿಲ್ ಸ್ವಿಚ್ಚಿಗೆ ಒಂದು ದಾರ ಇರುತ್ತದೆ. ಅದು ಓಡಿಸುವವನ ಮೈಗೆ ಸಿಕ್ಕಿಸಿರಬೇಕು, ಅವನು ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ಬಹಳ ಕಡೆ ಆ ದಾರವನ್ನು ಸ್ಟೇರಿಂಗಿಗೇ ಗಂಟು ಹಾಕಿಟ್ಟಿರುತ್ತಾರೆ. ಕಂಡರೆ ಕೇಳಿ, ನಾಚಿಕೆ ಬೇಡ. ಬಾಯಲ್ಲಿ ಬಿಯರ್ ವಾಸನೆ ಬಂದರೆ ಕೇಳುವುದೂ ಬೇಡ, ವಾಪಸ್ ಬನ್ನಿ.

ಹೊಸಬರಿಗೆ ನೀರಿನಿಂದ ಮೇಲೇಳುವುದೇ ಕಷ್ಟ. ಮೊಣಕಾಲು ಎದೆಗೆ, ಕೈ ನೇರ, ಸ್ಕೀ ತುದಿ ನೀರ ಮೇಲೆ. ಬಾವಿಯಿಂದ ಕೊಡ ಬಂದ ಹಾಗೆ ಹಗ್ಗವೇ ನಿಮ್ಮನ್ನು ಎತ್ತುತ್ತದೆ, ನೀವು ಹಗ್ಗ ಜಗ್ಗಬೇಡಿ. ದೊಡ್ಡವರಿಗೆ ಕಲಿಯಲು 30ರಿಂದ 40 ಕಿ.ಮೀ. ವೇಗ ಸಾಕು. ಮಕ್ಕಳಿಗೆ 20–25. ವಿಡಿಯೋ ಮಾಡುತ್ತಿರುವ ಗೆಳೆಯನಿಗೋಸ್ಕರ ಸ್ಪೀಡ್ ಜಾಸ್ತಿ ಮಾಡಿಸಬೇಡಿ.

ಇನ್ನು ನಮ್ಮ ನೀರು. ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಡ್ಯಾಂ, ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಡ್ಯಾಂ ತುಂಬಿ 1,633 ಅಡಿ ಮುಟ್ಟಿದಾಗ ಕಾಣುವ ಹಿನ್ನೀರೇ ಬೇರೆ, ಬೇಸಿಗೆಯ ಹಿನ್ನೀರೇ ಬೇರೆ. 2024ರ ಆಗಸ್ಟಿನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ನೀರು ಎಷ್ಟು ಬೇಗ ಇಳಿಯಿತು, ನಾವೆಲ್ಲ ನೋಡಿದ್ದೇವೆ ಅಲ್ವಾ? ಹೋದ ತಿಂಗಳು ಆಳ ಇದ್ದ ಕಡೆ ಈ ತಿಂಗಳು ಬಂಡೆ ಇರುತ್ತದೆ. ಬೋಟ್ ಓಡುವ ದಾರಿಯುದ್ದಕ್ಕೂ ಕನಿಷ್ಠ 6 ಅಡಿ ಆಳ ಇದೆಯಾ ಅಂತ ಕೋಲು ಹಾಕಿ ನೋಡುತ್ತಲೇ ಇರಬೇಕು. ಮೀನುಗಾರರ ಬಲೆ ಎಲ್ಲೆಲ್ಲಿ ಇದೆ ಅಂತ ಅವರನ್ನೇ ಕೇಳಬೇಕು. ಹಗ್ಗ 23 ಮೀಟರ್ ಇದೆ ಅಂದರೆ ಸ್ಕೀ ಮಾಡುವವರು ಪಕ್ಕಕ್ಕೂ ಅಷ್ಟೇ ದೂರ ಬೀಸಿಕೊಂಡು ಹೋಗಬಹುದು. ಹಾಗಾಗಿ ದಡ, ಬಂಡೆ, ಹರಿಗೋಲು, ಎಲ್ಲದರಿಂದ ಕನಿಷ್ಠ 30 ಮೀಟರ್ ದೂರ ಇರಬೇಕು.

ಡ್ಯಾಂ ಕೆಳಗೆ ನದಿಯಲ್ಲೇ ಬೋಟ್ ಓಡಿಸೋಣ ಅನ್ನುವವರೂ ಇದ್ದಾರೆ. ಅದು ಬೇಡ. ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ನದಿಯನ್ನು 2015ರಲ್ಲಿ ನೀರುನಾಯಿಗಳಿಗೆ ಮೀಸಲು ಮಾಡಿದ್ದಾರೆ. ಅಲ್ಲಿ ಮೊಸಳೆಯೂ ಇದೆ, ಬಂಡೆಯೂ ಇದೆ. ಸಾಣಾಪುರ ಕೆರೆಯಲ್ಲೂ ನನಗೆ ಒಪ್ಪಿಗೆ ಇಲ್ಲ. ಹರಿಗೋಲುಗಳ ಮಧ್ಯೆ ಎಂಜಿನ್ ಬೋಟ್ ನುಗ್ಗಿದರೆ ಅದರ ಅಲೆಗೇ ಹರಿಗೋಲು ಹೊಯ್ದಾಡುತ್ತದೆ. ಅದರಲ್ಲಿ ಕೂತವರಿಗೆ ಈಜು ಬರುತ್ತದೆ ಅಂತ ಯಾರು ಹೇಳಿದರು?

ಬಿಸಿಲಿನ ವಿಷಯಕ್ಕೆ ಗೋವಾದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಸಮುದ್ರದ ಗಾಳಿ ಇದೆ. ಇಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ರಾಯಚೂರು, ಬಳ್ಳಾರಿಯವರಿಗೆ ನಾನೇನು ಹೇಳಲಿ. ಆದರೆ ಒದ್ದೆ ಮೈಗೆ ಗಾಳಿ ಬಡಿಯುವಾಗ ಸುಡುತ್ತಿರುವುದು ಗೊತ್ತಾಗುವುದಿಲ್ಲ. ಅರ್ಧ ಮೀಟರ್ ನೀರಿನೊಳಗೂ ಬಿಸಿಲಿನ ನೇರಳಾತೀತ ಕಿರಣ ನೀರ ಮೇಲೆ ಇರುವುದರ ಸುಮಾರು ಶೇಕಡಾ 40ರಷ್ಟು ಇರುತ್ತದೆ. ನೀರಲ್ಲಿದ್ದೇನೆ, ಬಿಸಿಲು ತಾಗಲ್ಲ ಅನ್ನುವುದು ಸುಳ್ಳು.

ನಮ್ಮ ಕಡೆ ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆಗಲ್ಲ, ಸುಮಾರು 12.25ಕ್ಕೆ. ಮೇ ಮೊದಲ ವಾರದಲ್ಲಂತೂ ಆ ಹೊತ್ತಿಗೆ ನೆರಳು ಕಾಲಡಿಯಲ್ಲೇ ಇರುತ್ತದೆ. ಗಡಿಯಾರ ಬೇಡ, ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಬೋಟ್ ದಡದಲ್ಲಿರಲಿ. ಬೇಸಿಗೆಯಲ್ಲಿ ಬೆಳಿಗ್ಗೆ 9ರ ಒಳಗೆ ಮುಗಿಸಿದರೆ ಚೆನ್ನ, ಆಗ ಗಾಳಿಯೂ ಕಮ್ಮಿ, ನೀರೂ ಸಮ. ಸಂಜೆ ಸೂರ್ಯ ಕೆಳಗಿಳಿದಾಗ ಓಡಿಸುವವನ ಕಣ್ಣಿಗೆ ನೇರ ಹೊಡೆಯುತ್ತದೆ, ಎದುರಿನ ತಲೆ ಕಾಣುವುದಿಲ್ಲ. ಆ ದಿಕ್ಕಿಗೆ ಓಡಿಸಬಾರದು.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಸಾಕು. ನೀರಿಗೆ ತಡೆಯುವಂಥದ್ದು ತಗೊಂಡು, ಎರಡು ಗಂಟೆಗೊಮ್ಮೆ, ಮೈ ಒರೆಸಿಕೊಂಡಾಗಲೆಲ್ಲ ಮತ್ತೆ ಹಚ್ಚಬೇಕು. ಕಿವಿ, ಕುತ್ತಿಗೆ, ಮೊಣಕಾಲ ಹಿಂಭಾಗ, ಪಾದದ ಮೇಲ್ಭಾಗ ಎಲ್ಲರೂ ಮರೆಯುತ್ತಾರೆ. ಅಂಗೈಗೆ ಮಾತ್ರ ಬೇಡ, ಹ್ಯಾಂಡಲ್ ಜಾರುತ್ತದೆ. ನನ್ನ ಕೇಳಿದರೆ ಕ್ರೀಮಿಗಿಂತ ಬಟ್ಟೆ ಮೇಲು. ಒತ್ತಾದ ನೇಯ್ಗೆಯ, ಗಾಢ ಬಣ್ಣದ, ಮೈಗಂಟುವ ತುಂಬು ತೋಳಿನ ಅಂಗಿ ತೊಡಿ. ತೆಳು ಬಿಳಿ ಬನಿಯನ್ ಒದ್ದೆಯಾದರೆ ಬಿಸಿಲನ್ನು ಇನ್ನೂ ಜಾಸ್ತಿ ಒಳಗೆ ಬಿಡುತ್ತದೆ. ‘ನಾವು ಕರಿ ಮೈಯವರು, ನಮಗೇನಾಗುತ್ತೆ’ ಅನ್ನುವ ಮಾತು ಕಣ್ಣಿಗೆ ನಡೆಯುವುದಿಲ್ಲ, ಕಣ್ಣಿನ ಪೊರೆಗೆ ಈ ಬಿಸಿಲೂ ಒಂದು ಕಾರಣ. ಒಆರ್‌ಎಸ್ ಪುಡಿ ಬೋಟಿನಲ್ಲಿರಲಿ. ಬಿಸಿಲಿಗೆ ಮಾತು ತೊದಲಿದರೆ, ದಿಕ್ಕು ತಪ್ಪಿದವರ ಹಾಗೆ ಆಡಿದರೆ, ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕುತ್ತಾ ಆಸ್ಪತ್ರೆಗೆ ಹೊರಡಬೇಕು.

ಸ್ಕೀ ಮಾಡುವವರು ಸ್ವಲ್ಪ ಹೊತ್ತು ಆಡಿ ಹೋಗುತ್ತಾರೆ. ದಿನವಿಡೀ ಬಿಸಿಲಲ್ಲಿ ಕೂರುವುದು ಆ ಎರಡನೇ ಆಳು. ಬೋಟಿಗೆ ಟಾರ್ಪಾಲಿನ ಚಾವಣಿ ಹಾಕಿ, ಅವನಿಗೆ ಕಪ್ಪು ಕನ್ನಡಕ, ಕುಡಿಯುವ ನೀರು ಕೊಟ್ಟು, ಆಗಾಗ ಆಳು ಬದಲಿಸದಿದ್ದರೆ ಅವನ ಕಣ್ಣು ಎಷ್ಟು ಹೊತ್ತು ಕೆಲಸ ಮಾಡೀತು? ಬೋಟ್ ಓಡಿಸುವವರಿಗೆ, ಜೀವರಕ್ಷಣೆ ಮಾಡುವವರಿಗೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಇದೆ. ನಮ್ಮ ಮೀನುಗಾರರ ಮಕ್ಕಳನ್ನು, ಹರಿಗೋಲಿನ ಹುಡುಗರನ್ನು ಮೊದಲು ಅಲ್ಲಿಗೆ ಕಳಿಸಲಿ. ಈ ನೀರು ಅವರಿಗೆ ಗೊತ್ತಿರುವಷ್ಟು ಹೊರಗಿನವರಿಗೆ ಗೊತ್ತಿಲ್ಲ.

ಟೆಂಡರ್ ಕರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ಎಂಜಿನ್, ಬೋಟ್, ಜಾಕೆಟ್ ಎಲ್ಲದಕ್ಕೂ ಒಂದೊಂದು ಸಾಲು ಬರೆಯುತ್ತಾರೆ. ಹಿಂದಕ್ಕೆ ನೋಡುತ್ತಾ ಕೂರುವವನು ಸುಮ್ನೆ ಕೂತ ಹಾಗೆ ಕಾಣುತ್ತಾನೆ, ಅದಕ್ಕೆ ಖರ್ಚು ಇಳಿಸುವಾಗ ಮೊದಲು ಹೋಗುವುದು ಅವನೇ. ಪ್ರತಿ ಬೋಟಿಗೂ ಅವನೊಬ್ಬ ಇರಲೇಬೇಕು, ಅವನ ಕೂಲಿ ಇಷ್ಟು, ಅದನ್ನು ಕೊಡುವವರು ಇವರು ಅಂತ ಟೆಂಡರಿನಲ್ಲೇ ಬರೆಯಲಿ.

– ಟಾರ್ಪಾಲ್ ಅಂಗಡಿಯವನು, ಗಂಗಾವತಿ, ಕೊಪ್ಪಳ ಜಿಲ್ಲೆ