ಹಂಗೇರಿಯನ್ನರ ಅಕ್ಟೋಬರ್ 23 ಸುಗ್ಗಿಯ ಹಬ್ಬವಲ್ಲ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದಲ್ಲಿ ನೆಲೆಸಿರುವ ಹಂಗೇರಿ ಮೂಲದವರು ಅಕ್ಟೋಬರ್ 23ರಂದು ನಡೆಸಿದ ಸಮಾರಂಭದ ಚಿತ್ರವನ್ನು ತಮ್ಮ ಪತ್ರಿಕೆ ಪ್ರಕಟಿಸಿದ್ದು ಸಂತೋಷದ ಸಂಗತಿ. ಆದರೆ ಚಿತ್ರದ ಕೆಳಗಿನ ಬರಹವು ಕಸೂತಿಯ ಉಡುಪು, ಚಾರ್ದಾಶ್ ಕುಣಿತ, ಗುಯಾಶ್ ಊಟ ಇಷ್ಟನ್ನೇ ಹೇಳಿ, ಅದೊಂದು ಸುಗ್ಗಿಯ ಹಬ್ಬವೆಂಬ ಭಾವನೆ ಮೂಡಿಸುವಂತಿತ್ತು. ಅಂದು ಅವರು ಸೇರುವುದು 1956ರಲ್ಲಿ ಸೋವಿಯತ್ ಹಿಡಿತದ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಎದ್ದು ಸೋತುಹೋದ ಬಂಡಾಯವೊಂದನ್ನು ನೆನೆಯುವುದಕ್ಕೆ. ಆ ಸೋಲನ್ನು ಬಿಟ್ಟು ಕುಣಿತವನ್ನಷ್ಟೇ ತೋರಿಸಿದರೆ ಕುಣಿತವೂ ಅರ್ಥವಾಗುವುದಿಲ್ಲ.

ಆ ವರ್ಷದ ಅಕ್ಟೋಬರ್ 23ರಂದು ಬುಡಾಪೆಸ್ಟಿನ ವಿದ್ಯಾರ್ಥಿಗಳು ಹದಿನಾರು ಬೇಡಿಕೆಗಳನ್ನು ಹಿಡಿದು ಜನರಲ್ ಬೆಮ್ ಪ್ರತಿಮೆಯತ್ತ ಮೆರವಣಿಗೆ ಹೊರಟರು. ಆಸ್ಟ್ರಿಯದ ಆಳ್ವಿಕೆಯ ವಿರುದ್ಧ ನಡೆದ 1848-49ರ ಸ್ವಾತಂತ್ರ್ಯ ಸಮರದಲ್ಲಿ ಹಂಗೇರಿಯ ಪರವಾಗಿ ಹೋರಾಡಿದ ಪೋಲೆಂಡಿನ ಸೇನಾನಿ ಅವನು; ಆ ಸಮರವೂ ಸೋಲಿನಲ್ಲೇ ಮುಗಿದು, 1849ರ ಅಕ್ಟೋಬರ್ 6ರಂದು ಆರಾದ್‌ನಲ್ಲಿ ಹದಿಮೂರು ಜನ ಸೇನಾನಾಯಕರನ್ನು ಕೊಲ್ಲಲಾಗಿತ್ತು. ಅಂದರೆ ಒಂದು ಸೋಲಿನ ನೆನಪಿನಿಂದಲೇ ಇನ್ನೊಂದು ಬಂಡಾಯ ಹುಟ್ಟಿತು. ಅದೇ ರಾತ್ರಿ ಜನರು ಸ್ಟಾಲಿನ್‌ನ ಕಂಚಿನ ಪ್ರತಿಮೆಯನ್ನು ಉರುಳಿಸಿದಾಗ ಪೀಠದ ಮೇಲೆ ಉಳಿದದ್ದು ಅವನ ಬೂಟುಗಳು ಮಾತ್ರ. ಪ್ರಧಾನಿಯಾದ ಇಮ್ರೆ ನಾಜ್ ನವೆಂಬರ್ 1ರಂದು ಸೋವಿಯತ್ ನೇತೃತ್ವದ ಸೇನಾ ಕೂಟವಾದ ವಾರ್ಸಾ ಒಪ್ಪಂದದಿಂದ ಹೊರಬಂದು ತಟಸ್ಥ ನೀತಿಯನ್ನು ಘೋಷಿಸಿದರು. ನಮ್ಮಲ್ಲಿ ಕನ್ನಡ ನಾಡು ಒಂದಾದ ಸಂಭ್ರಮದ ದಿನವೂ ಅದೇ. ಮೂರು ದಿನ ಕಳೆಯುವಷ್ಟರಲ್ಲಿ ಸೋವಿಯತ್ ಟ್ಯಾಂಕುಗಳು ಮತ್ತೆ ನಗರಕ್ಕೆ ನುಗ್ಗಿದವು. ಸುಮಾರು 2,500 ಹಂಗೇರಿಯನ್ನರು ಸತ್ತರು. ನಾಜ್ ಅವರನ್ನು 1958ರ ಜೂನ್ 16ರಂದು ಗಲ್ಲಿಗೇರಿಸಲಾಯಿತು.

ಸುಮಾರು ಎರಡು ಲಕ್ಷ ಜನರು ದೇಶ ಬಿಟ್ಟರು. ಬಹುಪಾಲು ಜನರು ಆಸ್ಟ್ರಿಯದ ಗಡಿಯನ್ನು ಕಾಲ್ನಡಿಗೆಯಲ್ಲೇ ದಾಟಿದವರು. ಅಲ್ಲಿಂದ ಅಮೆರಿಕ, ಕೆನಡ, ಆಸ್ಟ್ರೇಲಿಯ, ಪಶ್ಚಿಮ ಯುರೋಪುಗಳಿಗೆ ಚದುರಿದರು. ಸೋಪ್ರಾನ್ ಪಟ್ಟಣದ ಅರಣ್ಯಶಾಸ್ತ್ರ ವಿದ್ಯಾಲಯದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳಲ್ಲಿ ದೊಡ್ಡದೊಂದು ತಂಡವು ಒಟ್ಟಾಗಿ ಕೆನಡದ ವ್ಯಾಂಕೂವರ್‌ಗೆ ಹೋಗಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ತಮ್ಮ ಭಾಷೆಯಲ್ಲೇ ಪಾಠ ಮುಂದುವರಿಸಿ ಪದವಿ ಪಡೆದದ್ದು ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಬೆರಗು ಹುಟ್ಟಿಸುವ ಪ್ರಸಂಗ. ಹೀಗೆ ಹೋದವರಿಗೆ ಆಸರೆಯಾಗಲು ಹಿಂದೆ ಗಣಿ, ಕಾರ್ಖಾನೆಗಳ ಕೂಲಿಗೆಂದು ವಲಸೆ ಬಂದಿದ್ದ ಹಂಗೇರಿಯನ್ನರು ಕಟ್ಟಿಕೊಂಡಿದ್ದ ಚರ್ಚುಗಳು, ಸಂಘಗಳು ಎಷ್ಟೋ ಊರುಗಳಲ್ಲಿದ್ದವು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1848ರ ನಾಯಕ ಕೋಶುತ್‌ನ ಪ್ರತಿಮೆ 1902ರಿಂದಲೇ ನಿಂತಿದೆ.

ಇನ್ನು ತಾಯ್ನಾಡಿನ ಸ್ಥಿತಿ. 1956ರ ಘಟನೆಯನ್ನು ಅಲ್ಲಿನ ಸರ್ಕಾರ ಮೂರು ದಶಕಗಳ ಕಾಲ ‘ಪ್ರತಿಕ್ರಾಂತಿ’ ಎಂದು ಪಾಠ ಮಾಡಿಸಿತು. ಸತ್ತವರಿಗಾಗಿ ಬಹಿರಂಗವಾಗಿ ದೀಪ ಹಚ್ಚುವುದೂ ಅಪಾಯಕ್ಕೆ ಎಡೆಮಾಡುವಂತಿತ್ತು. ಹಾಗಾಗಿ ಆ ದಿನಾಂಕವನ್ನು ಮುಕ್ತವಾಗಿ ಆಚರಿಸಿಕೊಂಡು ಬಂದವರು ಹೊರನಾಡಿಗರೇ. ಅವರ ಶನಿವಾರದ ಭಾಷಾ ಶಾಲೆಗಳು, ಹಂಗೇರಿಯನ್‌ನಲ್ಲೇ ನಡೆಯುವ ಸ್ಕೌಟ್ ದಳಗಳು, ಜನಪದ ಕುಣಿತದ ತಂಡಗಳು ಬಿಡುವಿನ ವೇಳೆಯ ವಿನೋದಕ್ಕಾಗಿ ಮಾತ್ರ ಹುಟ್ಟಿದವಲ್ಲ. ಮನೆಗೆ ಮರಳುವ ದಾರಿ ಮುಚ್ಚಿಹೋದವರು ಮಕ್ಕಳಿಗೆ ಮನೆಯನ್ನು ಕಲಿಸಲು ಮಾಡಿಕೊಂಡ ಏರ್ಪಾಡುಗಳು ಅವು. ಬಂಡಾಯಗಾರರು ಧ್ವಜದ ನಡುವಿನ ಸೋವಿಯತ್ ಮಾದರಿಯ ಲಾಂಛನವನ್ನು ಕತ್ತರಿಸಿ ತೆಗೆದಿದ್ದರು. ಆ ತೂತಿನ ಧ್ವಜವನ್ನು ಹಿಡಿದು ನಿಲ್ಲುವ ಮಕ್ಕಳೇ ಅರ್ಧ ಗಂಟೆಯ ನಂತರ ಕುಣಿತಕ್ಕೂ ಇಳಿಯುತ್ತಾರೆ. ಇದರಲ್ಲಿ ಅಸಂಗತವೇನೂ ಇಲ್ಲ. ಹಾಗೆಂದು ಅವರೆಲ್ಲ ಒಂದೇ ಮನಸ್ಸಿನವರೆಂದು ತಿಳಿಯಬೇಕಾಗಿಯೂ ಇಲ್ಲ. ಕಮ್ಯುನಿಸ್ಟನಾಗಿಯೇ ಬದುಕಿ ಸತ್ತ ನಾಜ್ ಅವರನ್ನು ವೀರನೆಂದು ಒಪ್ಪಲು ವಲಸಿಗರಲ್ಲಿ ಕೆಲವರಿಗೆ ಮನಸ್ಸಿರಲಿಲ್ಲ. ಹಂಗೇರಿಯಲ್ಲೂ, 1989ರಲ್ಲಿ ಸಕಲ ಗೌರವದೊಡನೆ ಮರುಸಮಾಧಿ ಮಾಡಲಾದ ಅದೇ ನಾಜ್ ಅವರ ಪ್ರತಿಮೆಯನ್ನು 2018ರ ಕೊನೆಯಲ್ಲಿ ಸಂಸತ್ ಭವನದ ಸಮೀಪದಿಂದ ತೆಗೆದು ಬೇರೆಡೆಗೆ ಸಾಗಿಸಲಾಯಿತು. ಸೋತ ಬಂಡಾಯದ ಒಡೆತನಕ್ಕೂ ಜಗಳವಿದೆ!

ಭಾರತದ ಓದುಗರಿಗೆ ಇದು ತೀರ ದೂರದ ಕಥೆಯೂ ಅಲ್ಲ. ಅದೇ ವೇಳೆ ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ನಡೆಸಿದ ದಾಳಿಯನ್ನು ಒಡನೆಯೇ ಖಂಡಿಸಿದ ನಮ್ಮ ಸರ್ಕಾರವು ಹಂಗೇರಿಯ ವಿಷಯದಲ್ಲಿ ತಡವರಿಸಿತು. ನವೆಂಬರ್ 9ರಂದು ವಿಶ್ವಸಂಸ್ಥೆಯಲ್ಲಿ, ಸೋವಿಯತ್ ಸೇನೆ ಹಿಂದೆ ಸರಿಯಬೇಕು, ಮುಕ್ತ ಚುನಾವಣೆ ನಡೆಯಬೇಕು ಎಂಬ ನಿರ್ಣಯದ ವಿರುದ್ಧವೇ ಮತ ಹಾಕಿತು. ಜಯಪ್ರಕಾಶ ನಾರಾಯಣರು ನೆಹರೂ ಅವರ ಈ ನಿಲುವನ್ನು ನೇರವಾಗಿ ಟೀಕಿಸಿದರು. ಆದರೂ ಬುಡಾಪೆಸ್ಟಿನ ಬಂಡಾಯಗಾರರು ಭಾರತದ ಮೇಲೆ ಭರವಸೆ ಇಟ್ಟರು. ಚಿಂತಕ ಇಶ್ಟ್ವಾನ್ ಬಿಬೊ ಹಂಗೇರಿಯ ಬಿಕ್ಕಟ್ಟಿನ ಪರಿಹಾರಕ್ಕೆಂದು ಬರೆದ ರಾಜಿಸೂತ್ರವನ್ನು ಆರ್ಪಾದ್ ಗಾಂತ್ಸ್ ತಲುಪಿಸಿದ್ದು ಮಾಸ್ಕೋದಿಂದ ಬಂದಿದ್ದ ಭಾರತದ ರಾಯಭಾರಿ ಕೆ.ಪಿ.ಎಸ್. ಮೆನನ್ ಅವರ ಕೈಗೆ. ಬಿಬೊ, ಗಾಂತ್ಸ್ ಇಬ್ಬರಿಗೂ 1958ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 1963ರಲ್ಲಿ ಬಿಡುಗಡೆಯಾದ ಗಾಂತ್ಸ್ 1990ರಲ್ಲಿ ಹಂಗೇರಿಯ ಅಧ್ಯಕ್ಷರಾದರು.

ಮುಂದಿನ ಅಕ್ಟೋಬರ್‌ನಲ್ಲಿ ಇಂಥ ಚಿತ್ರವೊಂದು ತಮ್ಮ ಕಚೇರಿಗೆ ಬಂದರೆ, ಅದರ ಜೊತೆಗೆ 1956ರ ಬಗ್ಗೆ ಮತ್ತು ಅಂದಿನ ಭಾರತದ ನಡೆಯ ಬಗ್ಗೆ ಒಂದು ಚಿಕ್ಕ ಲೇಖನವನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಧಾರವಾಡ