ಹೆಸರು ಹೇಳದೇ ಹೋದ ನರ್ಸಕ್ಕನಿಗೆ

ಗದಗ ಸೀಮೆಯ ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿಗೆ ಹರೆಯದ ಬದಲಾವಣೆಗಳ ಪಾಠ ಮಾಡಿ ಹೋದ ನರ್ಸಕ್ಕ, ಶಿಕ್ಷಕರೆಲ್ಲರ ಶರಣು. ಮಕ್ಕಳು ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕುವ ಡಬ್ಬಿಯ ಉಪಾಯ ನಿಮ್ಮದೇ: ಎಲ್ಲರಿಗೂ ಒಂದೇ ಅಳತೆಯ ಚೀಟಿ, ಪ್ರಶ್ನೆ ಇಲ್ಲದವರೂ ಏನಾದರೂ ಗೀಚಿ ಹಾಕಬೇಕು. ಇಲ್ಲದಿದ್ದರೆ ಬರೆದವರು ಯಾರೆಂದು ಗೊತ್ತಾಗುತ್ತದೆ, ಮರುದಿನ ಡಬ್ಬಿ ಖಾಲಿ. ಹುಡುಗರನ್ನು ಹೊರಗೆ ಕಳಿಸದೆ ಮುಟ್ಟಿನ ಪಾಠ ಮಾಡಿದ್ದಂತೂ ಭಾಳ ಚಲೋ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಅದು 21ರಿಂದ 45 ದಿನಗಳ ನಡುವೆ ಹಿಂದೆಮುಂದೆ ಆಗುವುದು ಸಹಜ. ಮೂರು ತಿಂಗಳಾದರೂ ಬರದಿದ್ದರೆ ವೈದ್ಯರಿಗೆ ತೋರಿಸಬೇಕು. ಪ್ಯಾಡ್ ಪೂರ್ತಿ ಒದ್ದೆಯಾಗದಿದ್ದರೂ 4ರಿಂದ 6 ತಾಸಿಗೊಮ್ಮೆ ಬದಲಿಸಬೇಕು. ಹುಡುಗರಿಗೆ ನಿದ್ದೆಯಲ್ಲಿ ವೀರ್ಯ ಹೋಗುವ ಸ್ವಪ್ನಸ್ಖಲನ ರೋಗವಲ್ಲ, ಗೋಡೆ ಮೇಲಿನ ಜಾಹೀರಾತು ಏನೇ ಹೇಳಲಿ! ಲೈಂಗಿಕ ಸಂಪರ್ಕಕ್ಕೆ 18 ತುಂಬದವರು ಕೊಟ್ಟ ಒಪ್ಪಿಗೆಗೆ ಪೋಕ್ಸೋದಲ್ಲಿ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಕಾನೂನಿನಲ್ಲಿ, ಬೆಲೆಯಿಲ್ಲ ಎಂಬುದನ್ನೂ ಬಿಡಿಸಿ ಹೇಳಿದಿರಿ. ನೀವು ಬರೆದ ಮಕ್ಕಳ ಸಹಾಯವಾಣಿ 1098 ಅನ್ನು ಬೋರ್ಡಿನಿಂದ ಒರೆಸಿಲ್ಲ.